ಜೀನ್‌ನೆಟ್‌ವರ್ಕ್ – ಆರು ವರ್ಷ ಬಳಸಿದ ಮೇಲೆ

ಕ್ಯೂಟಿಎಲ್ ಮ್ಯಾಪಿಂಗ್ (ಒಂದು ಗುಣದ ಮೇಲೆ ಪ್ರಭಾವ ಬೀರೋ ಜಾಗ ಕ್ರೋಮೋಸೋಮಲ್ಲಿ ಎಲ್ಲಿದೆ ಅಂತ ಹುಡುಕೋದು) ಮಾಡ್ಬೇಕಂದ್ರೆ ಕೋಡ್ ಬರೀಲೇಬೇಕು ಅಂದ್ಕೊಂಡಿದ್ದೆ, ಅದನ್ನ ವೆಬ್‌ಸೈಟಲ್ಲೇ ಮಾಡಿಕೊಡೋ ಜೀನ್‌ನೆಟ್‌ವರ್ಕ್ ಸಿಕ್ಕಿದ ಮೇಲೆ ಆ ಭಯ ಹೋಯ್ತು. ಈಗ್ಲೂ ಹೊಸ ಡೇಟಾ ಬಂದ್ರೆ ಮೊದಲು ತೆಗೆಯೋದು ಇದನ್ನೇ. ಬ್ರೌಸರ್ ಸಾಕು, ದುಡ್ಡು ಕೊಡ್ಬೇಕಾಗಿಲ್ಲ, ಸೋರ್ಸ್ ಕೋಡೂ ಓಪನ್ನು.

ನನ್ನ ಕೆಲಸ ಜಾಸ್ತಿ ಬಿಎಕ್ಸ್‌ಡಿ ಇಲಿಗಳ ಮೇಲೆ. ಸಿ57ಬಿಎಲ್/6ಜೆ, ಡಿಬಿಎ/2ಜೆ ಅನ್ನೋ ಎರಡು ತಳಿ ಕ್ರಾಸ್ ಮಾಡಿ, ಆಮೇಲೆ ತಲೆಮಾರುಗಟ್ಟಲೆ ಒಡಹುಟ್ಟಿದವುಗಳನ್ನೇ ಕೂಡಿಸಿ ಮಾಡಿದ ತಳಿಗಳು ಇವು. ಜೀನೋಟೈಪ್ (ಯಾವ ತಳಿಗೆ ಯಾವ ಜಾಗದಲ್ಲಿ ಯಾವ ಮೂಲ ತಳಿಯ ಡಿಎನ್‌ಎ ಬಂದಿದೆ ಅನ್ನೋದು) ಎಲ್ಲ ಆಗ್ಲೇ ಜೀನ್‌ನೆಟ್‌ವರ್ಕ್ ಒಳಗಿರುತ್ತೆ, ನಾವು ಅಳೆದ ಗುಣದ ಒಂದೊಂದು ತಳಿಯ ಸರಾಸರಿ ಪೇಸ್ಟ್ ಮಾಡಿದ್ರೆ ಆಯ್ತು, ಅಳತೆ ಇಲ್ಲದ ಕಡೆ ಒಂದು ಎಕ್ಸ್ ಹಾಕೋದು ಅಷ್ಟೇ.

ಆದ್ರೆ ಇಷ್ಟು ಸುಲಭ ಇರೋದ್ರಿಂದಲೇ ಆತುರ ಬೀಳ್ತೀವಿ. ಮೊದಲ ವರ್ಷ ನಂಗೊಂದು ಭಾರಿ ಪೀಕ್ (ಗುಣಕ್ಕೂ ಕ್ರೋಮೋಸೋಮಿನ ಒಂದು ಜಾಗಕ್ಕೂ ನಂಟಿದೆ ಅಂತ ಗ್ರಾಫಲ್ಲಿ ಏಳೋ ಶಿಖರ) ಬಂತು, ಎರಡು ವಾರ ಅದರ ಕೆಳಗಿರೋ ಜೀನ್‌ಗಳ ಬಗ್ಗೆನೇ ಓದ್ತಾ ಕೂತೆ, ಆಮೇಲೆ ಬಾರ್ ಚಾರ್ಟ್ ನೋಡಿದ್ರೆ ಒಂದೇ ಒಂದು ತಳಿಯ ವ್ಯಾಲ್ಯೂ ಎಲ್ಲಕ್ಕಿಂತ ದೂರ ನಿಂತಿದೆ, ಅದನ್ನ ತೆಗೆದು ಮತ್ತೆ ಓಡಿಸಿದ್ರೆ ಪೀಕೇ ಇಲ್ಲ! ಅವತ್ತಿಂದ ಮೊದಲು ಬಾರ್ ಚಾರ್ಟ್, ಆಮೇಲೆ ಮ್ಯಾಪು. ಪರ್ಮ್ಯುಟೇಶನ್ (ವ್ಯಾಲ್ಯೂಗಳನ್ನ ಕಲಸಿ, ಇಂಥ ಪೀಕ್ ಆಕಸ್ಮಿಕವಾಗಿಯೂ ಬರುತ್ತಾ ಅಂತ ನೋಡೋದು) 1000 ಸಲ ಓಡಿಸದೆ ಯಾವ ಪೀಕನ್ನೂ ಯಾರಿಗೂ ತೋರಿಸಲ್ಲ. ಪೀಕ್ ಎಷ್ಟು ಬಲವಾಗಿದೆ ಅಂತ ಹೇಳೋ ಎಲ್‌ಆರ್‌ಎಸ್ ಅಂಕ ನೋಡಿ ಎಷ್ಟು ದೊಡ್ಡದು ಅಂತ ಹಿಗ್ಗಬೇಡಿ, ಅದನ್ನೇ ಹೇಳೋ ಇನ್ನೊಂದು ಅಂಕ ಎಲ್‌ಒಡಿ ಬೇಕಂದ್ರೆ 4.61ರಿಂದ ಭಾಗಿಸಬೇಕು. ತಳಿಗಳ ನಡುವಿನ ನಂಟನ್ನೂ ಲೆಕ್ಕಕ್ಕೆ ತಗೋಬೇಕು ಅಂದ್ರೆ ಜೆಮ್ಮಾ ಅನ್ನೋ ಮ್ಯಾಪಿಂಗ್ ಆಪ್ಷನ್ ಇದೆ, ನಾನೀಗ ಅದನ್ನೇ ಬಳಸೋದು.

ಪೀಕ್ ಗಟ್ಟಿಯಾಗಿದ್ರೂ ಅದರ ಕೆಳಗೆ ಹತ್ತಾರು ಜೀನ್ ಇರ್ಬಹುದು, ಅದು ಸಾಫ್ಟ್‌ವೇರ್ ತಪ್ಪಲ್ಲ, ತಳಿಗಳ ಸಂಖ್ಯೆ, ರೀಕಾಂಬಿನೇಶನ್ (ಎರಡು ಮೂಲ ತಳಿಗಳ ಕ್ರೋಮೋಸೋಮ್ ತುಂಡುಗಳು ಬೆರೆಯೋದು) ಎಷ್ಟಾಗಿದೆ ಅನ್ನೋದರ ಮೇಲೆ ಹೋಗುತ್ತೆ. ಅಲ್ಲಿ ನಂಗೆ ಕೈ ಹಿಡಿಯೋದು ಕೋರಿಲೇಶನ್: ನನ್ನ ಟ್ರೇಟನ್ನ (ಅಳೆದ ಗುಣ) ಮೆದುಳಿನದೋ ಲಿವರ್‌ದೋ ಎಕ್ಸ್‌ಪ್ರೆಶನ್ ಡೇಟಾ (ಯಾವ ಜೀನ್ ಎಷ್ಟು ಕೆಲಸ ಮಾಡ್ತಿದೆ ಅನ್ನೋ ಅಳತೆ) ಜೊತೆ ಹೋಲಿಸಿದ್ರೆ ಆ ಹತ್ತಾರರಲ್ಲಿ ಯಾವುದು ಜೊತೆಗೇ ಏರಿಳೀತಿದೆ ಅಂತ ಗೊತ್ತಾಗುತ್ತೆ. ಇದೊಂದಕ್ಕೇ ಎಷ್ಟು ಹೊಗಳಿದ್ರೂ ಕಮ್ಮಿ.

ಹೊಸಬರು ಮೊದಲು ಉತ್ತರ ಗೊತ್ತಿರೋ ಟ್ರೇಟ್ ಹಾಕಿ ನೋಡಿ. ಕೂದಲು ಕಂದು ಇದ್ರೆ 1, ಕಪ್ಪಿದ್ರೆ 0. 4ನೇ ಕ್ರೋಮೋಸೋಮಲ್ಲಿ, 80 ಮೆಗಾಬೇಸ್ (8 ಕೋಟಿ ಡಿಎನ್‌ಎ ಅಕ್ಷರ) ಆಸುಪಾಸು, ಕೂದಲಿನ ಕಂದು ಬಣ್ಣಕ್ಕೆ ಕಾರಣವಾದ ಟಿವೈಆರ್‌ಪಿ1 ಜೀನ್ ಇರೋ ಕಡೆ ಪೀಕ್ ಏಳ್ಬೇಕು. ಏಳದಿದ್ರೆ ತಳಿಗಳ ಹೆಸರು ಅದಲುಬದಲಾಗಿದ್ಯಾ ಅಂತ ಮೊದಲು ನೋಡ್ಕೊಳ್ಳಿ.