ಅಮ್ಮನ ಜೊತೆ ಯುರೋಪಿಯನ್ ಸ್ಲೀಪರ್‌ನಲ್ಲಿ ಒಂದು ರಾತ್ರಿ

ಅಮ್ಮ ಕೊಪ್ಪದಿಂದ ಮೂರು ತಿಂಗಳಿಗೆ ಅಂತ ನನ್ನ ಹತ್ತಿರ ಬಂದಿದ್ದಳು. ಪ್ರಾಗ್ ತೋರಿಸಬೇಕಿತ್ತು. ವಿಮಾನ ಬೇಡವೇ ಬೇಡ ಅಂದಳು. ಹಿಂದಿನ ಸಲ ಒಂದು ವಿಮಾನ ನಿಲ್ದಾಣದಲ್ಲಿ ಅವಳ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿಸಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹಾಗಾಗಿ ಯುರೋಪಿಯನ್ ಸ್ಲೀಪರ್ ರಾತ್ರಿ ರೈಲು. ಬ್ರಸೆಲ್ಸ್‌ನಿಂದ ಹೊರಟು ಆಂಟ್ವರ್ಪ್, ರಾಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್ ಮೇಲೆ ಬರ್ಲಿನ್, ಡ್ರೆಸ್ಡೆನ್, ಕೊನೆಗೆ ಪ್ರಾಗ್. ನಾವು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ಹತ್ತಿದೆವು.

ಪ್ಲಾಟ್‌ಫಾರ್ಮಿನಲ್ಲಿ ಕಾಯುವಾಗ ಅಮ್ಮ ಕೇಳಿದಳು, "ಇದು ಸರ್ಕಾರದ್ದಾ, ಪ್ರೈವೇಟಾ?"

"ಎರಡೂ ಅಲ್ಲ ಅಮ್ಮ. ಸಹಕಾರಿ ಸಂಘದ್ದು."

"ಹಂಗಾದ್ರೆ ನಮ್ಮ ಸಹಕಾರ ಸಾರಿಗೆ ತರ ಅನ್ನು!"

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಎರಡು ಮಾತು. ಕೊಪ್ಪದಲ್ಲಿ 1991ರಲ್ಲಿ ಖಾಸಗಿ ಬಸ್ ಕಂಪನಿ ನಿಂತಾಗ ಅದರ ಕೆಲಸಗಾರರೇ ಸಂಘ ಕಟ್ಟಿ ಬಸ್ ಓಡಿಸಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಮಾಲೀಕರೇ. ಹರಿಹರಪುರದಿಂದ ನಾನು ಕಾಲೇಜಿಗೆ ಹೋಗಿದ್ದು ಅದರಲ್ಲೇ. ಡೀಸೆಲ್ ಬೆಲೆ ಏರಿ, ನಷ್ಟ ಜಾಸ್ತಿಯಾಗಿ 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು.

ಯುರೋಪಿಯನ್ ಸ್ಲೀಪರ್‌ನದ್ದು ಸ್ವಲ್ಪ ಬೇರೆ ಲೆಕ್ಕ. ಎಲ್ಮರ್ ಫಾನ್ ಬ್ಯೂರೆನ್, ಕ್ರಿಸ್ ಎಂಗೆಲ್ಸ್‌ಮನ್ ಅಂತ ಇಬ್ಬರು ಶುರು ಮಾಡಿದ್ದು. 2021ರಲ್ಲಿ ಜನರಿಂದ ಹಣ ಕೇಳಿದರು. ಹದಿನೈದು ನಿಮಿಷದಲ್ಲಿ 5 ಲಕ್ಷ ಯೂರೋ ಸೇರಿತು, ಕೊಟ್ಟವರು 350ಕ್ಕೂ ಹೆಚ್ಚು ಜನ. 2023ರ ಮೇ 25ರಂದು ಬ್ರಸೆಲ್ಸ್‌ನಿಂದ ಬರ್ಲಿನ್‌ಗೆ ಮೊದಲ ರೈಲು ಹೊರಟಿತು. ಪ್ರಾಗ್‌ವರೆಗೆ ಹೋಗಲು ಶುರುವಾಗಿದ್ದು 2024ರ ಮಾರ್ಚ್‌ನಲ್ಲಿ. ಕೊಪ್ಪದಲ್ಲಿ ಬಸ್ ಓಡಿಸುವವರು ಮಾಲೀಕರಾದರು, ಇಲ್ಲಿ ರೈಲು ಹತ್ತುವವರು ದುಡ್ಡು ಹಾಕಿದರು.

ಇನ್ನು ರೈಲಿನ ವಿಷಯ. ಡಬ್ಬಿಗಳು ಹಳೆಯವು, ಬಾಡಿಗೆಗೆ ತಂದವು. ಹೊಳೆಯುವ ಹೊಸ ರೈಲು ಅಂದುಕೊಂಡು ಹೋಗಬೇಡಿ. ಮೂರು ದರ್ಜೆ ಇವೆ: ಕೂರುವ ಸೀಟು, ಕೂಷೆಟ್, ಸ್ಲೀಪರ್. ಶುರುವಿನಲ್ಲಿ ದರ 49, 79, 109 ಯೂರೋಗಳಿಂದ ಇತ್ತು. ಅದು ಕನಿಷ್ಠ ದರ ಅಷ್ಟೇ, ತಡ ಮಾಡಿದಷ್ಟೂ ಏರುತ್ತದೆ. ನಾವು ತೆಗೆದುಕೊಂಡಿದ್ದು ಕೂಷೆಟ್. ನಮ್ಮೂರಿನ ತ್ರೀ ಟಯರ್ ನೆನಪಿಸಿಕೊಳ್ಳಿ. ಎದುರುಬದುರು ಮೂರು ಮೂರು ಬರ್ತ್, ಆದರೆ ಸೈಡ್ ಬರ್ತ್ ಇಲ್ಲ, ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು. ಅಮ್ಮನಿಗೆ ಅತಿ ಹೆಚ್ಚು ಇಷ್ಟವಾಗಿದ್ದು ಆ ಚಿಲಕ. ಮೂರು ಸಲ ಹಾಕಿ ತೆಗೆದು ನೋಡಿದಳು. ದಿಂಬು, ಹೊದಿಕೆ ಕೊಡುತ್ತಾರೆ, ಹಾಸಿಕೊಳ್ಳುವುದು ನಾವೇ. ಮಧ್ಯದ ಬರ್ತಿನಲ್ಲಿ ನೆಟ್ಟಗೆ ಕೂರಲು ಆಗುವುದಿಲ್ಲ, ಸುಮ್ನೆ ಮಲಗಿಬಿಡಬೇಕು.

ಎದುರಿನ ಕೆಳಗಿನ ಬರ್ತಿನಲ್ಲಿ ಒಬ್ಬ ಡಚ್ ಅಜ್ಜ. ಬಂದವರೇ ಕರ್ಚೀಫ್ ತೆಗೆದು ಕಿಟಕಿ ಪಕ್ಕದ ಪುಟ್ಟ ಮೇಜು ಒರೆಸಿದರು. ಆಮೇಲೆ ಕಾರಿಡಾರಿನ ತುದಿವರೆಗೆ ಹೋಗಿ ಶೌಚಾಲಯ ಇಣುಕಿ ನೋಡಿ ಬಂದರು. ಮೊದಲ ಸುತ್ತಿನಲ್ಲೇ ದುಡ್ಡು ಹಾಕಿದವರಂತೆ.

ಅಮ್ಮ ನನ್ನ ಕಿವಿಯಲ್ಲಿ, "ಇವರೇ ಯಜಮಾನ್ರಾ?"

"ಯಜಮಾನರಲ್ಲಿ ಒಬ್ಬರು."

ಅಮ್ಮ ತಕ್ಷಣ ಚಪಾತಿ ಚಟ್ನಿಪುಡಿ ಪೊಟ್ಟಣ ಬಿಚ್ಚಿ ಅವರ ಮುಂದೆ ಇಟ್ಟಳು. ಅಜ್ಜ ತಿಂದರು, ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಮತ್ತೊಂದು ಕೇಳಿದರು. ಕೊಪ್ಪದ ಬಸ್ಸಿನ ಕಥೆಯನ್ನು ನಾನು ಅನುವಾದ ಮಾಡಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಪ್ರಯಾಣಿಕರು ಎಷ್ಟು ಷೇರು ತೆಗೆದುಕೊಂಡಿದ್ದರು ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾವು ಬರೀ ಟಿಕೆಟ್ ತಗೊಂಡ್ವಿ ಮಾರಾಯ್ತಿ. ಹಂಗೊಂದು ಯೋಚನೆನೇ ಬರ್ಲಿಲ್ಲ."

ಷೇರು ತಗೊಂಡರೆ ಎಲ್ಲ ಸರಿಯಾಗುತ್ತದೆ ಅಂತಲೂ ಅಲ್ಲ. ಫ್ರಾನ್ಸಿನ ರೈಲು ಸಹಕಾರಿ ಸಂಘ ರೈಲ್‌ಕೂಪ್ ನೋಡಿ. 2019ರಲ್ಲಿ ಶುರುವಾಯಿತು. ಷೇರಿಗೆ 100 ಯೂರೋ, ಸದಸ್ಯರು ಸಾವಿರಾರು. ಬೋರ್ಡೋದಿಂದ ಲಿಯೋನ್‌ಗೆ ನೇರ ರೈಲು ಬಿಡಬೇಕು ಅನ್ನುವುದು ಆಸೆ. ಒಂದೇ ಒಂದು ಪ್ರಯಾಣಿಕ ರೈಲು ಓಡಿಸುವ ಮೊದಲೇ 2024ರಲ್ಲಿ ಬಾಗಿಲು ಹಾಕಬೇಕಾಯಿತು. ಹಳಿ ಬಳಸಲು ಶುಲ್ಕ, ಎಂಜಿನ್, ಡಬ್ಬಿ, ಚಾಲಕರು, ಎಲ್ಲದಕ್ಕೂ ಮೊದಲೇ ದುಡ್ಡು ಸುರಿಯಬೇಕು. ಬಸ್ಸಿನ ಹಾಗೆ ಒಂದು ಕೊಂಡು ಓಡಿಸಿ, ಬಂದ ದುಡ್ಡಲ್ಲಿ ಇನ್ನೊಂದು ಕೊಳ್ಳೋಣ ಅನ್ನುವಂತಿಲ್ಲ. ಹಾಗಾಗಿ ಯುರೋಪಿಯನ್ ಸ್ಲೀಪರ್‌ನವರು ಹಳೇ ಡಬ್ಬಿ ಬಾಡಿಗೆಗೆ ತಂದರು ಅಂತ ನನಗೆ ಬೇಜಾರಿಲ್ಲ. ರೈಲು ಓಡಿತಲ್ವಾ?

ನಿದ್ದೆ? ನನಗೆ ನಾಲ್ಕು ಗಂಟೆ ಬಂತು. ಅಮ್ಮ ಬರ್ಲಿನ್ ದಾಟಿದ್ದೂ ತಿಳಿಯದೆ ಮಲಗಿದ್ದಳು. ಅಜ್ಜನ ಗೊರಕೆ ಬಗ್ಗೆ ಏನೂ ಬರೆಯುವುದಿಲ್ಲ, ಅವರಿಗೆ ಆ ಹಕ್ಕಿದೆ.

ಹೋಗುವವರಿಗೆ ಒಂದಿಷ್ಟು ಮಾತು. ದಿನಾ ಇಲ್ಲ, ನಾವು ಹೋದಾಗ ವಾರಕ್ಕೆ ಮೂರೇ ರಾತ್ರಿ ಇತ್ತು, ಮೊದಲು ತಾರೀಖು ನೋಡಿಕೊಳ್ಳಿ. ರೈಲಿನಲ್ಲಿ ಊಟದ ಬೋಗಿ ಇಲ್ಲ, ತಿಂಡಿ ಕಟ್ಟಿಕೊಂಡು ಹೋಗಿ. ಪವರ್ ಬ್ಯಾಂಕ್ ಇರಲಿ. ವಯಸ್ಸಾದವರಿದ್ದರೆ ಕೆಳಗಿನ ಬರ್ತ್ ಸಿಗುವವರೆಗೂ ಬುಕ್ ಮಾಡಬೇಡಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಅಮ್ಮ ಐದು ಕೊಡು ಅಂತಾಳೆ, ಚಿಲಕಕ್ಕೆ.

ಮತ್ತೆ, ಡ್ರೆಸ್ಡೆನ್ ಬರುವ ಮೊದಲೇ ಏಳಿ. ಆಮೇಲೆ ಗಡಿ ದಾಟುವವರೆಗೂ ಹಳಿಯ ಪಕ್ಕದಲ್ಲೇ ಎಲ್ಬೆ ನದಿ, ಆಚೆ ದಡದಲ್ಲಿ ಕಲ್ಲಿನ ಗುಡ್ಡಗಳು. ಪ್ರಾಗ್ ಕಡೆ ಹೋಗುವಾಗ ನದಿ ಎಡಗಡೆ ಸಿಗುತ್ತದೆ. ಅಮ್ಮ ಕಾರಿಡಾರಿಗೂ ಒಳಗೂ ಎರಡು ಸಲ ಓಡಾಡಿ ಸರಿಯಾದ ಕಿಟಕಿ ಹುಡುಕಿಕೊಂಡಳು. "ತುಂಗೆ ತರಾನೇ," ಅಂದಳು, "ಸ್ವಲ್ಪ ದಪ್ಪ."