ಕವರ್ರಾ, ಡಬ್ಬಾನಾ, ಚಕ್ರದ ಬಿನ್ನಾ: ಮೂರರಲ್ಲೂ ಕಸ ಇಟ್ಟು ನೋಡಿದೀನಿ

ಇಷ್ಟು ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದೀನಿ, ಮೂರು ಕಡೆನೂ ಕಸದ ರೂಲ್ಸ್ ಬೇರೆ ಬೇರೆ. ಮೊದಲನೇ ಕಡೆ ಕವರಲ್ಲಿ ಕಟ್ಟಿ ರಸ್ತೆ ಅಂಚಿಗೆ ಇಡೋದು, ಎರಡನೇ ಕಡೆ ಸ್ವಂತ ಮುಚ್ಚಳದ ಡಬ್ಬ, ಈಗಿರೋ ಕಡೆ ಪಾಲಿಕೆಯವರೇ ಕೊಟ್ಟಿರೋ 240 ಲೀಟರಿನ ಚಕ್ರದ ಬಿನ್. ಯಾವ್ದು ವಾಸಿ ಅಂದ್ರೆ ಮೊದ್ಲೆಲ್ಲಾ ಥಟ್ಟಂತ ಚಕ್ರದ್ದೇ ಅಂತಿದ್ದೆ, ಈಗ ಎಷ್ಟು ಹೊತ್ತು ಹೊರಗಿಡ್ತೀರಾ ಅಂತ ವಾಪಸ್ ಕೇಳ್ತೀನಿ.

ಕವರಿನ ಸುಖ ಏನು ಅಂದ್ರೆ ಕಟ್ಟಿ ಇಟ್ಟು ಬಂದ್ರೆ ಮುಗೀತು, ಖಾಲಿ ಡಬ್ಬ ವಾಪಸ್ ತರೋದು, ತೊಳೆಯೋದು ಯಾವ್ದೂ ಇಲ್ಲ. ಹಿಂದಿನ ದಿನ ಸಂಜೆ 7ರ ಮೇಲೆ ಇಡಬಹುದು ಅಂತ ರೂಲ್, ಗಾಡಿ ಬರ್ತಿದ್ದಿದ್ದು ಬೆಳಿಗ್ಗೆ 7ಕ್ಕೆ, ನಾನು ಸೋಂಬೇರಿ, ಕರೆಕ್ಟಾಗಿ 7ಕ್ಕೆ ಇಟ್ಟು ಮಲಗಿಬಿಡ್ತಿದ್ದೆ, ಅಂದ್ರೆ ಹನ್ನೆರಡು ಗಂಟೆ ಕಸ ಬೀದೀಲಿ. ಒಂದಿನ ಬೆಳಿಗ್ಗೆ ನೋಡ್ತೀನಿ, ನಾಯಿ ಕವರನ್ನ ಉದ್ದಕ್ಕೆ ಸೀಳಿದೆ, ಹಸಿ ಕಸ ಪೂರ್ತಿ ಫುಟ್‌ಪಾತ್ ಮೇಲೆ, ನನ್ನ ಹೆಸರಿರೋ ಹಳೇ ಕರೆಂಟ್ ಬಿಲ್ ಗಾಳಿಗೆ ಹಾರಿ ಎದುರುಮನೆ ಗೇಟಿಗೆ ಅಂಟ್ಕೊಂಡಿದೆ. ಅವರು ಅದನ್ನ ಎರಡು ಬೆರಳಲ್ಲಿ ಹಿಡ್ಕೊಂಡು ಬಂದು "ಇದು ನಿಮ್ದಲ್ವಾ" ಅಂದ್ರು, ಮೊರದಲ್ಲಿ ಬಳಿದು ತುಂಬೋಷ್ಟರಲ್ಲಿ ಗಾಡಿ ಹೋಗಿತ್ತು. ಆಮೇಲೆ ಡಬಲ್ ಕವರ್ ಹಾಕಿದೆ, ವಾಸನೆ ತಡೆಯಲ್ಲ ಅಂದ್ಮೇಲೆ ನಾಯಿನ ಏನು ತಡೆಯುತ್ತೆ. ಕೆಲಸಕ್ಕೆ ಬಂದಿದ್ದು ಎರಡೇ, ನಾರೋ ಅಂಥದ್ದನ್ನ ಕೊನೇವರೆಗೂ ಫ್ರೀಜರಲ್ಲಿ ಇಡೋದು (ಮನೇಲಿ ಬೈಸ್ಕೊಂಡೆ), ಇನ್ನೊಂದು ಅಲಾರಂ ಇಟ್ಟು 6 ಗಂಟೆಗೆ ಹೊರಗಿಡೋದು. ಹಾಗೆ ಮಾಡಿದ್ಮೇಲೆ ಅದೇ ತೆಳು ಕವರ್ ಒಂದ್ಸಲಾನೂ ಹರೀಲಿಲ್ಲ.

ಸ್ವಂತ ಡಬ್ಬದ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಮುಚ್ಚಳ ಲಾಕ್ ಆಗೋದಾದ್ರೆ ಪ್ರಾಣಿ ಕಾಟ ಇಲ್ಲ, ಆದ್ರೆ ಆ ಮುಚ್ಚಳನೇ ಮೊದಲು ಕಳೆದುಹೋಗೋದು, ಮಳೆ ಬಂದ್ರೆ ಡಬ್ಬ ಬಕೆಟ್ ಆಗುತ್ತೆ, ಕೈಯಲ್ಲಿ ಎತ್ತೋರು ಭಾರ ಜಾಸ್ತಿ ಆದ್ರೆ ಬಿಟ್ಟು ಹೋಗ್ತಾರೆ, ತಪ್ಪಿಲ್ಲ ಅವರದ್ದು. ನ್ಯೂಯಾರ್ಕ್‌ನವರು ಮಾತ್ರ ಡಬ್ಬಕ್ಕೂ ಗಡಿಯಾರಕ್ಕೂ ಚೆನ್ನಾಗಿ ಗಂಟು ಹಾಕಿದ್ರು: ಮೊದ್ಲು ಸಂಜೆ 4ಕ್ಕೇ ಇಡಬಹುದಿತ್ತು, 2023ರ ಏಪ್ರಿಲ್‌ನಿಂದ ಬರೀ ಚೀಲ ಆದ್ರೆ ರಾತ್ರಿ 8ರ ಮೇಲೆ, 55 ಗ್ಯಾಲನ್ ಒಳಗಿನ ಗಟ್ಟಿ ಮುಚ್ಚಳದ ಡಬ್ಬ ಆದ್ರೆ ಸಂಜೆ 6ರ ಮೇಲೆ. 2024ರ ನವೆಂಬರ್‌ನಿಂದ ಒಂದರಿಂದ ಒಂಬತ್ತು ಮನೆ ಇರೋ ಕಟ್ಟಡಗಳಿಗೆ ಡಬ್ಬ ಕಡ್ಡಾಯ.

ಈಗ ಚಕ್ರದ ಬಿನ್. ಎಳೆಯೋಕೆ ಬೆಣ್ಣೆ ಥರ, ನಾಯಿ ತಲೆ ಹಾಕಲ್ಲ, ಆದ್ರೆ ಇದನ್ನ ಎತ್ತೋದು ಮನುಷ್ಯ ಅಲ್ಲ, ಗಾಡಿ ಪಕ್ಕದಿಂದ ಚಾಚೋ ಯಂತ್ರದ ತೋಳು, ಅದಕ್ಕೆ ಕನಿಕರ ಇಲ್ಲ. ಹಿಡಿ ಮತ್ತು ಚಕ್ರ ಮನೆ ಕಡೆ ಇರ್ಬೇಕು, ಆಗ್ಲೇ ಮುಚ್ಚಳ ಗಾಡಿ ಕಡೆಗೆ ತೆರ್ಕೊಳ್ಳೋದು. ನಾನು ಮೊದಲ ವಾರ ಉಲ್ಟಾ ಇಟ್ಟು, ತುಂಬಿದ ಬಿನ್ ಮೇಲೆ ಒಂದು ಚೀಟಿ ಅಂಟಿಸ್ಕೊಂಡು ವಾಪಸ್ ತಂದೆ. ಅಕ್ಕಪಕ್ಕ ಸುಮಾರು ಒಂದು ಮೀಟರ್ ಖಾಲಿ ಬೇಕು, ಪಕ್ಕದವರು ಕಾರು ಒತ್ತಿ ನಿಲ್ಲಿಸಿದ್ರೆ ನಮ್ಮ ಕಸ ಆ ವಾರ ಹಾಗೇ. ಮುಚ್ಚಳ ಪೂರ್ತಿ ಮುಚ್ಚಿರ್ಬೇಕು, ಅರ್ಧ ತೆರೆದಿದ್ರೆ ಎತ್ತುವಾಗಲೇ ಮೇಲಿನದ್ದು ರಸ್ತೆಗೆ. ಮುಚ್ಚಳ ಹಾಕೋಕೆ ಅಂತ ಕಾಲಲ್ಲಿ ತುಳಿದು ತುಂಬಿದ್ರೆ ಇನ್ನೊಂದು ರಗಳೆ, ತಲೆಕೆಳಗೆ ಮಾಡಿದ್ರೂ ತಳದ್ದು ಕಚ್ಕೊಂಡಿರುತ್ತೆ, ಅದರ ರಸ ವಾರವೆಲ್ಲ ಅಲ್ಲೇ. ಅದಕ್ಕೇ ಈಗ ತಳಕ್ಕೆ ಎರಡು ಹಾಳೆ ನ್ಯೂಸ್‌ಪೇಪರ್ ಹಾಸ್ತೀನಿ, ತೊಳೆಯೋ ಕೆಲಸ ಮುಕ್ಕಾಲು ತಪ್ಪಿತು.

ಮನೆ ಪಕ್ಕ ಸಂದು ಇರೋರಿಗೆ ನನ್ನ ಓಟು ಚಕ್ರದ್ದಕ್ಕೇ. ಮೆಟ್ಟಿಲು ಹತ್ತೋ ಮನೆಗೆ ಅದು ಬೇಡವೇ ಬೇಡ, ಕವರ್ ಇರ್ಲಿ, ಆದ್ರೆ ಬೆಳಿಗ್ಗೆ ಇಡಿ. ತೈವಾನಿನ ತೈಪೆಯಲ್ಲಿ ರಸ್ತೇಲಿ ಕಸ ಇಡೋದೇ ಬೇಡ ಅಂತ ಮಾಡಿದಾರೆ, ಗಾಡಿ ಮ್ಯೂಸಿಕ್ ಹಾಕ್ಕೊಂಡು ಬಂದಾಗ ಜನ ಚೀಲ ಹಿಡ್ಕೊಂಡು ಬಂದು ಕೈಯಾರೆ ಹಾಕ್ತಾರೆ. ಬೀದೀಲಿ ಕಸ ಸೊನ್ನೆ ಗಂಟೆ, ಆದ್ರೆ ಆ ಹೊತ್ತಿಗೆ ಮನೇಲಿ ಇರ್ಬೇಕಲ್ಲ, ನನ್ನ ಡ್ಯೂಟಿ ಟೈಮಿಗೆ ಅದು ಆಗೋ ಮಾತಲ್ಲ.

ಬಿನ್ ವಿಷಯದಲ್ಲಿ ನಾನಿನ್ನೂ ಎಡವೋದು ರಜೆ ಇರೋ ವಾರ, ಗಾಡಿ ಒಂದು ದಿನ ಮುಂದಕ್ಕೆ ಹೋಗಿರುತ್ತೆ. ಹೋದ ಸಲ ಬಾಯಲ್ಲಿ ಬ್ರಶ್ ಇಟ್ಕೊಂಡೇ ಬಿನ್ ಎಳ್ಕೊಂಡು ಹೋದೆ, ಬೀದೀಲಿ ಬೇರೆ ಒಂದು ಬಿನ್ನೂ ಇಲ್ಲ, ಹಾಗೇ ತಿರುಗಿಸ್ಕೊಂಡು ಬಂದೆ.