ಎಲ್ಮ್ ಜೇಸನ್ ಡಿಕೋಡರ್: ಹಲವು ಮಳೆಗಾಲಗಳ ಬಳಕೆಯ ನಂತರ

ಕೊಡಗಿನ ಕಾಫಿ ತೋಟಗಳ ಮಳೆ ಲೆಕ್ಕವನ್ನು ಒಂದೇ ಪುಟದಲ್ಲಿ ತೋರಿಸಲು ಎಲ್ಮ್ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯ ಜೇಸನ್ ಲೈಬ್ರರಿ ಬಳಸುತ್ತಿದ್ದೇವೆ. ಜೇಸನ್ ಎಂದರೆ ಪ್ರೋಗ್ರಾಂಗಳು ಮಾಹಿತಿ ಕಳಿಸುವ ಪಠ್ಯ ರೂಪ; ಅದನ್ನು ಪರೀಕ್ಷಿಸಿ ಎಲ್ಮ್‌ನ ಟೈಪ್‌ಗೆ ತರುವುದು ಡಿಕೋಡರ್. 5ಕ್ಕೆ ನಾಲ್ಕೂವರೆ ಅಂಕ.

ಬರುವ ಮಾಹಿತಿ ಹೀಗಿರುತ್ತದೆ: ಭಾಗಮಂಡಲದ್ದು 4.2 ಎಂಬ ಸಂಖ್ಯೆ, ನಾಪೋಕ್ಲುವಿನದು "4.20 " ಎಂಬ ಸ್ಟ್ರಿಂಗ್ (ಪಠ್ಯ), ಶಾಂತಳ್ಳಿಯದು ನಲ್ (ಬೆಲೆಯೇ ಇಲ್ಲ ಎಂಬ ಗುರುತು), ಪೊನ್ನಂಪೇಟೆಯದು ಖಾಲಿ ಸ್ಟ್ರಿಂಗ್. ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್‌ಗೆ ಕೊಟ್ಟರೆ ಕೊನೆಯ ಎರಡೂ 0 ಆಗುತ್ತವೆ. ಕಾಫಿ ಹೂ ಅರಳಿಸುವ ಹೂಮಳೆ ಕಾಯುವ ಫೆಬ್ರವರಿ, ಮಾರ್ಚ್‌ನಲ್ಲಿ ಇದು ಸಣ್ಣ ತಪ್ಪಲ್ಲ. ಮಳೆ ಬಿದ್ದಿಲ್ಲ ಎನ್ನುವುದು ಬೇರೆ, ಯಾರೂ ಅಳೆದಿಲ್ಲ ಎನ್ನುವುದು ಬೇರೆ. ಸ್ಪ್ರಿಂಕ್ಲರ್ ಹಾಕಬೇಕೇ ಬೇಡವೇ ಎಂದು ನಿರ್ಧರಿಸುವವರು ನೋಡುವುದು ಇದೇ ಅಂಕಿಯನ್ನು.

ಎಲ್ಮ್‌ನಲ್ಲಿ ಮೊದಲು 'ಅಳತೆ' ಎಂಬ ಟೈಪ್ ಮಾಡಿಕೊಳ್ಳಿ. ಅದಕ್ಕೆ ಎರಡೇ ರೂಪ: ಇಂಚು ಜೊತೆಗೊಂದು ಫ್ಲೋಟ್ (ದಶಮಾಂಶ ಸಂಖ್ಯೆ), ಇಲ್ಲವೇ 'ದಾಖಲಾಗಿಲ್ಲ'. ಆಮೇಲೆ ಡಿಕೋಡರ್‌ಗಳನ್ನು ಒಂದಾದ ಮೇಲೊಂದು ಪ್ರಯತ್ನಿಸುವ ಒನ್‌ಆಫ್‌ನಲ್ಲಿ ಫ್ಲೋಟ್, ಸ್ಟ್ರಿಂಗ್, ನಲ್ ಮೂರಕ್ಕೂ ಒಂದೊಂದು ಡಿಕೋಡರ್ ಕೊಡಿ. ಸ್ಟ್ರಿಂಗ್ ಕವಲಿನಲ್ಲಿ ಆಂಡ್‌ದೆನ್ (ಬಂದ ಬೆಲೆ ನೋಡಿ ಮುಂದಿನ ಡಿಕೋಡರ್ ಆರಿಸುವುದು) ಹಾಕಿ, ಮೊದಲು ಟ್ರಿಮ್ ಮಾಡಿ ಅಂಚಿನ ಸ್ಪೇಸ್ ತೆಗೆಯಿರಿ: ಸ್ಟ್ರಿಂಗ್‌ನಲ್ಲಿ ಒಂದು ಸ್ಪೇಸ್ ಇದ್ದರೂ ಪಠ್ಯವನ್ನು ಸಂಖ್ಯೆ ಮಾಡುವ ಟುಫ್ಲೋಟ್ ನಥಿಂಗ್ (ಏನೂ ಇಲ್ಲ) ಕೊಡುತ್ತದೆ. ಖಾಲಿಯಾದರೆ ದಾಖಲಾಗಿಲ್ಲ. ಸಂಖ್ಯೆ ಆಗದಿದ್ದರೆ ಫೇಲ್ ಮಾಡಿ, ಬಂದ ಪಠ್ಯವನ್ನೇ ಸಂದೇಶದಲ್ಲಿ ಹಾಕಿ. "4.20 ಇಂಚು" ಎಂದು ಟೈಪಿಸಿದ್ದು ಇಲ್ಲೇ ಸಿಕ್ಕಿಬೀಳುತ್ತದೆ.

ಒನ್‌ಆಫ್‌ನ ಕೊನೆಗೆ ಯಾವಾಗಲೂ ಗೆಲ್ಲುವ 'ಸಕ್ಸೀಡ್ (ಇಂಚು 0)' ಸೇರಿಸಬೇಡಿ, ದಯವಿಟ್ಟು. ಎರರ್ ಮಾಯವಾಗುತ್ತದೆ, ಸುಳ್ಳು ಸೊನ್ನೆ ಉಳಿಯುತ್ತದೆ. ಸೋಲನ್ನು ನಥಿಂಗ್ ಆಗಿಸುವ ಮೇಬಿ ಕೂಡ ಹಾಗೆಯೇ: ಫೀಲ್ಡ್‌ಗೆ ಹೊರಗಿನಿಂದ ಸುತ್ತಿದರೆ ಫೀಲ್ಡ್ ಹೆಸರು ತಪ್ಪಾಗಿದ್ದರೂ ನಥಿಂಗ್ ಬಂದು ಸುಮ್ಮನಾಗುತ್ತದೆ. ನಲ್ ಮಾತ್ರ ಒಪ್ಪಬೇಕಿದ್ದರೆ ನಲ್ಲಬಲ್ ಸಾಕು. ಪೈಪ್‌ಲೈನ್ ಎಂಬ ಬೇರೆ ಪ್ಯಾಕೇಜಿನ 'ಆಪ್ಷನಲ್' ಫಂಕ್ಷನ್, ಫೀಲ್ಡ್ ಇಲ್ಲದಿದ್ದರೂ ನಲ್ ಇದ್ದರೂ ಡೀಫಾಲ್ಟ್ ಕೊಡುತ್ತದೆ, ಟೈಪ್ ತಪ್ಪಿದರೆ ಮಾತ್ರ ಎರರ್. ಈ ವ್ಯತ್ಯಾಸ ನನಗೆ ಬಹಳ ಇಷ್ಟ.

ಅರ್ಧ ಅಂಕ ಕಳೆದದ್ದು ಲಿಸ್ಟ್ ಡಿಕೋಡರ್‌ಗಾಗಿ. ಒಂದು ಸಾಲು ಕೆಟ್ಟರೆ ಇಡೀ ಜಿಲ್ಲೆಯ ಪಟ್ಟಿಯೇ ಬೀಳುತ್ತದೆ. ಮೂಲ ಲೈಬ್ರರಿಯಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇಲ್ಲ. ಮೊದಲು ಇನ್ನೂ ಡಿಕೋಡ್ ಆಗದ ವ್ಯಾಲ್ಯೂಗಳ ಲಿಸ್ಟ್ ಆಗಿ ತೆಗೆದುಕೊಂಡು, ಒಂದೊಂದನ್ನೂ ಡಿಕೋಡ್‌ವ್ಯಾಲ್ಯೂಗೆ ಕೊಟ್ಟು, ಬಂದ ರಿಸಲ್ಟ್‌ಗಳನ್ನು ಸರಿ, ತಪ್ಪು ಎಂದು ಬೇರ್ಪಡಿಸಿ. ತಪ್ಪಿದ ಸಾಲುಗಳಿಗೆ ಎರರ್‌ಟುಸ್ಟ್ರಿಂಗ್ ಕೊಡುವ ವಿವರ ಉದ್ದವಾದರೂ ಯಾವ ಕವಲು ಏಕೆ ಸೋತಿತು ಎಂದು ಸ್ಪಷ್ಟವಾಗಿ ಹೇಳುತ್ತದೆ.

ಏಕಮಾನ ಮಾತ್ರ ಡಿಕೋಡರ್‌ನ ಕಣ್ಣಿಗೆ ಬೀಳುವುದಿಲ್ಲ. 4.2 ಇಂಚು ಎಂದರೆ 106.68 ಮಿಲಿಮೀಟರ್, ಎರಡೂ ಫ್ಲೋಟ್. ಏಕಮಾನಕ್ಕೆ ಪ್ರತ್ಯೇಕ ಫೀಲ್ಡ್ ಕಡ್ಡಾಯ ಮಾಡಿ, ಅದಿಲ್ಲದ ಸಾಲನ್ನು ಫೇಲ್ ಮಾಡಿ.